ಎರಡು ವರ್ಷ ಪ್ರೊಬೇಷನ್, ಆಮೇಲೆ ಪರ್ಮನೆಂಟು

ಮೊನ್ನೆ ಬಾಬುರಾಯನಕೊಪ್ಪಲಿನ ತವರುಮನೆಗೆ ಹೋಗಿ ವಾಪಸು ಬರುವಾಗ ಬಸ್ಸಿಗಾಗಿ ರಸ್ತೆ ಬದಿಯಲ್ಲಿ ನಿಂತಿದ್ದೆ. ಹಿಂದಿನ ಗ್ಯಾರೇಜಿನಲ್ಲಿ ಯಾರೋ ಒಬ್ಬ ಹಳೇ ಮೊಪೆಡ್ಡನ್ನು ಹೊರಗೆ ತಳ್ಳಿಕೊಂಡು ಬಂದು, ಪೆಡಲು ತುಳಿದು ತುಳಿದು ಕೊನೆಗೂ ಸ್ಟಾರ್ಟ್ ಮಾಡಿದ. ಆಯಿಲ್ ಬೆರೆಸಿದ ಪೆಟ್ರೋಲಿನ ಆ ನೀಲಿ ಹೊಗೆ ಮೂಗಿಗೆ ಬಡಿಯಿತು ನೋಡಿ, ನನಗೆ ಎಲ್ಲಿತ್ತೋ ಸಿಟ್ಟು ಬಂದುಬಿಟ್ಟಿತು. ಸೆರಗನ್ನು ಮೂಗಿಗೆ ಹಿಡಿದು, "ಬಂದ್ರಪ್ಪಾ, ಒಲೆ ಮುಂದೆ ಕೂತಾಗ್ಲೇ ಬರ್ಬೇಕು ಇವ್ರು!" ಎಂದು ಬಾಯಿಬಿಟ್ಟೇ ಅಂದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಆಚೆ ಸರಿದು ನಿಂತಳು. ಯಾರ ಮೇಲಿನ ಸಿಟ್ಟು ಎಂಬುದು ನನಗೆ ಆಮೇಲೆ ನೆನಪಾಯಿತು. ಅದು ನಮ್ಮ ಮೈದುನನ ಆಫೀಸರು ಬರುವಾಗಿನ ವಾಸನೆ...

ತೊಂಬತ್ತರ ದಶಕದ ಮಾತು. ನನ್ನನ್ನು ಪಾಂಡವಪುರದ ಆಚೆಯ ಈ ಊರಿಗೆ ಕೊಟ್ಟು ಐದಾರು ವರ್ಷವಾಗಿತ್ತು. ಅತ್ತೆ ಇಲ್ಲದ ಮನೆ. ಮಾವ, ನಮ್ಮ ಯಜಮಾನರು, ಮೈದುನ, ಇವರ ನಡುವೆ ನಾನೊಬ್ಬಳು. ಮಾವನಿಗೆ ಒಂದು ಹೇಳಿದರೆ ಇನ್ನೊಂದು ಕೇಳಿಸುತ್ತಿತ್ತು. ಯಜಮಾನರಿಗೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಮೈದುನ ಇಪ್ಪತ್ತರ ಹುಡುಗ. ಗದ್ದೆಗಿಳಿದರೆ ಇಬ್ಬರಷ್ಟು ದುಡಿಯುತ್ತಿದ್ದ, ಸಿಟ್ಟು ಬಂದರೆ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಇವರನ್ನೆಲ್ಲ ಕಟ್ಟಿಕೊಂಡು ನಾನು ಹೇಗೆ ಬಾಳಿದೆನೋ, ನನಗೇ ಆಶ್ಚರ್ಯ.

ನಮ್ಮ ಮನೆಗೂ ಮಾವನ ಅಣ್ಣನ ಮಗನ ಮನೆಗೂ ನಡುವೆ ಒಂದು ಮೋಟುಗೋಡೆ. ಗದ್ದೆಯಲ್ಲೂ ಅಷ್ಟೇ, ನಡುವೆ ಒಂದು ಬದು. ನಾಲೆಯಲ್ಲಿ ನೀರು ಬಿಟ್ಟಾಗ ನಮ್ಮ ಸರದಿಯ ದಿನವೇ ಆ ದಾಯಾದಿ ನೀರನ್ನು ತನ್ನ ಕಬ್ಬಿಗೆ ತಿರುಗಿಸಿಕೊಂಡ. ಮೈದುನ ಕೇಳಲು ಹೋದ. ಕೇಳಿ ಬಂದಿದ್ದರೆ ಆಗುತ್ತಿತ್ತಲ್ಲ! ಕೈಯಲ್ಲಿದ್ದ ಗುದ್ದಲಿಯನ್ನು ತಿರುಗಿಸಿ ಅದರ ಕಾವಿನಿಂದ ಬಾರಿಸಿದ. ದಾಯಾದಿಯ ಎಡಗೈ ಮೂಳೆ ಮುರಿಯಿತು. ಪೊಲೀಸು, ಕೇಸು, ಪಾಂಡವಪುರದ ಕೋರ್ಟಿಗೆ ಅಲೆದಾಟ ಎಲ್ಲ ಆಗಿ, ಹೊಡೆದದ್ದು ಸಾಬೀತಾಯಿತು. ಇನ್ನು ಜೈಲೇ ಗತಿ ಎಂದು ನಾನು ಒಲೆ ಮುಂದೆ ಕೂತು ಅತ್ತುಬಿಟ್ಟೆ.

ಶಿಕ್ಷೆ ಹೇಳುವ ಮುಂಚೆ, ಹುಡುಗ ಇನ್ನೂ ಚಿಕ್ಕವನು, ಅವನ ನಡತೆ ವಿಚಾರಿಸಿಕೊಂಡು ಬನ್ನಿ ಎಂದು ಕೋರ್ಟು ಈ ಆಫೀಸರನ್ನು ಊರಿಗೆ ಕಳಿಸಿತು. ಧಾರವಾಡದ ಕಡೆಯವರು. ಮೊಪೆಡ್ಡಿನ ಮೇಲೆ, ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು, ಧೂಳು ಮೆತ್ತಿದ ಮುಖದಲ್ಲಿ ಬಂದಿಳಿದರು. ನಾನಾಗ ಒಲೆ ಮೇಲೆ ಎಸರಿಟ್ಟು ಹಿಟ್ಟು ಸುರಿಯುತ್ತಿದ್ದೆ. ಮುದ್ದೆ ತಿರುವುವ ಹೊತ್ತಿನಲ್ಲಿ ಹೆಂಗಸನ್ನು ಮಾತಾಡಿಸಬಾರದು ಎಂಬ ತಿಳಿವಳಿಕೆ ಧಾರವಾಡದ ಕಡೆ ಇಲ್ಲವೋ ಏನೋ. "ಹುಡುಗ ಎಂಥಾಂವ ತಂಗಿ?" ಎಂದು ಬಾಗಿಲಲ್ಲೇ ನಿಂತು ಕೇಳಿದರು. ನನಗೂ ರೇಗಿಹೋಗಿತ್ತು. "ಕತ್ತೆ ಸಾ ಅವ್ನು. ಆದ್ರೆ ಒಂದಿನಾನೂ ದನಕ್ಕೆ ಒಡ್ದೋನಲ್ಲ" ಎಂದೆ.

"ದನಕ್ಕ ಹೊಡಿಯಂಗಿಲ್ಲೇನು?" ಎಂದವರು ಸೀದಾ ಕೊಟ್ಟಿಗೆಗೆ ಹೋದರು. ಮೈದುನ ಎತ್ತುಗಳ ಹತ್ತಿರ ಹೋದಾಗ ಅವು ಬೆದರುತ್ತವೋ ಇಲ್ಲವೋ ಎಂದು ನೋಡುತ್ತಾ ನಿಂತರು. ಎತ್ತುಗಳು ಅವನ ಕೈ ನೆಕ್ಕಿದವು. ಅವರು ತಲೆಯಾಡಿಸಿ, ಊರೊಳಗೆ ನಾಲ್ಕಾರು ಮನೆಗಳಲ್ಲಿ ಕೇಳಿಕೊಂಡು ಹೊರಟುಹೋದರು. ನನ್ನ ಮುದ್ದೆ ಗಂಟುಗಂಟಾಗಿತ್ತು.

ಆಮೇಲೆ ಜಡ್ಜಿ ಸಾಹೇಬರು ಜೈಲಿಗೆ ಕಳಿಸಲಿಲ್ಲ. ಒಳ್ಳೆಯ ನಡತೆಯಲ್ಲಿರುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು, ನಮ್ಮ ಯಜಮಾನರಿಂದ ಜಾಮೀನು ಹಾಕಿಸಿಕೊಂಡು, ಎರಡು ವರ್ಷ ಈ ಆಫೀಸರ ಕಣ್ಣಳತೆಯಲ್ಲಿರಬೇಕು ಎಂದು ಬಿಟ್ಟರು. ಲಾಯರು ಹೊರಗೆ ಬಂದವರೇ ಮಾವನ ಹೆಗಲು ತಟ್ಟಿ, "ಪ್ರೊಬೇಷನ್ ಆಯ್ತು ಕಣ್ರೀ ಗೌಡ್ರೇ, ಎರಡು ವರ್ಷ. ಖುಷಿಯಾಗಿ ಮನೆಗೋಗಿ" ಎಂದರಂತೆ.

ಇಲ್ಲಿಂದ ಶುರುವಾಯಿತು ನೋಡಿ. ಅದೇ ವರ್ಷ ನಮ್ಮ ಬೀದಿಯಲ್ಲೊಬ್ಬನಿಗೆ ಸರ್ಕಾರಿ ಕೆಲಸ ಸಿಕ್ಕಿ, "ಎರಡು ವರ್ಷ ಪ್ರೊಬೇಷನ್ನು, ಆಮೇಲೆ ಪರ್ಮನೆಂಟು" ಎಂದು ಅವರಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ನಮ್ಮ ಮಾವನಿಗೆ ಗೊತ್ತಿದ್ದ ಪ್ರೊಬೇಷನ್ನು ಅದೊಂದೇ. ಬರುವಾಗ ದಾರಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬಂದು ಮನೆಮನೆಗೂ ಹಂಚಿದರು. "ನಮ್ ಚಿಕ್ಕೋನ್ಗೆ ಪ್ರೊಬೇಷನ್ನಾಯ್ತು ಕಣವ್ವ. ಕೋರ್ಟ್ನೋರೇ ಕೊಟ್ರು!"

ನಾನು ತಲೆ ಚಚ್ಚಿಕೊಂಡೆ. "ಮಾವ, ಕೈ ಮುರ್ದೋನಿಗೆ ಯಾರು ಕೆಲ್ಸ ಕೊಟ್ಟಾರು?" ಎಂದರೆ, "ಪೊಲೀಸ್ ಕೆಲ್ಸ ಇರ್ಬೋದು ಕಣವ್ವ, ಕೈ ಗಟ್ಯಾಗದೆ ಅಂತ ನೋಡವ್ರೆ" ಎನ್ನುತ್ತಾರೆ! ಈ ಮನುಷ್ಯನಿಗೆ ಏನು ಹೇಳುವುದು? ಆಫೀಸರು ಮುಂದಿನ ಸಲ ಬಂದಾಗ ನನಗೆ ಬಿಡಿಸಿ ಹೇಳಿದರು. ತಪ್ಪು ಮಾಡಿಲ್ಲ ಎಂದು ಬಿಟ್ಟಿದ್ದಲ್ಲ ಅದು. ತಪ್ಪು ಮಾಡಿದ್ದಾನೆ, ಕೋರ್ಟು ಅದನ್ನು ಒಪ್ಪಿದೆ. ಶಿಕ್ಷೆಯನ್ನು ಮಾತ್ರ ಅಟ್ಟದ ಮೇಲೆ ಎತ್ತಿಟ್ಟಿದೆ. ಎರಡು ವರ್ಷ ನೆಟ್ಟಗಿದ್ದರೆ ಅದು ಅಲ್ಲೇ ಉಳಿಯುತ್ತದೆ, ಈ ನಡುವೆ ಮತ್ತೆ ಯಾರ ಮೇಲಾದರೂ ಕೈ ಎತ್ತಿದನೋ, ಕೆಳಗಿಳಿಸಿ ಕೈಗೆ ಕೊಡುತ್ತಾರೆ. ಇಷ್ಟನ್ನೂ ಮಾವನ ಎದುರು ಕೂತು ಹೇಳಿದೆ. ಪೂರಾ ಕೇಳಿಸಿಕೊಂಡು, "ಅಂಗಾದ್ರೆ ಎರಡು ವರ್ಷದ್ಮೇಲೆ ಪರ್ಮನೆಂಟು ಅನ್ನು" ಎಂದರು. ನಾನು ಎದ್ದು ಕೊಟ್ಟಿಗೆಗೆ ಹೋದೆ.

ಊರು ಮೊದಮೊದಲು ನಕ್ಕಿತು. ಆದರೆ ತಿಂಗಳಿಗೊಮ್ಮೆ ಮಂಡ್ಯದಿಂದ ಆಫೀಸರೊಬ್ಬರು ಮೊಪೆಡ್ಡಿನಲ್ಲಿ ಬಂದು, ನಮ್ಮ ಜಗಲಿಯಲ್ಲಿ ಕೂತು, ಹುಡುಗನನ್ನು ಮಾತಾಡಿಸಿ ಹೋಗುವುದನ್ನು ನೋಡಿ ನೋಡಿ ಜನಕ್ಕೂ ಅನುಮಾನ ಬಂತು. ಆಫೀಸರು ಸುಮ್ಮಸುಮ್ಮನೆ ಬರುತ್ತಾರಾ? ಏನೋ ಇರಬೇಕು.

ಆಫೀಸರಿಗೋ ಹೊತ್ತು ಗೊತ್ತು ಇರಲಿಲ್ಲ. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಅವರ ಕಣ್ಣಳತೆಯ ಹುಡುಗರು ಹರಡಿಕೊಂಡಿದ್ದರಂತೆ. ಎಲ್ಲರನ್ನೂ ಸುತ್ತಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ನಾನು ಒಲೆ ಮುಂದೆ ಇರುತ್ತಿದ್ದೆ. ಹಿತ್ತಿಲಲ್ಲಿದ್ದರೂ ಆ ಹೊಗೆ ಮೊದಲು ನನ್ನ ಮೂಗಿಗೇ ಬಡಿಯುತ್ತಿತ್ತು. ಬಂದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಸಿಟ್ಟು ಹೆಂಗೈತೋ ತಮ್ಮಾ?" ಜ್ವರ ಬಿಟ್ಟಿತೇನೋ ಎಂದು ಕೇಳಿದ ಹಾಗೆ. ಮೈದುನ ನೆಲ ನೋಡುತ್ತಾ, "ಅದೆ ಸಾ" ಎನ್ನುತ್ತಿದ್ದ. "ಎಲ್ಲೈತಿ?" "ಇಲ್ಲೇ ಅದೆ ಸಾ." "ಇರ್ಲಿ, ಕೈಯಾಗ ಬರದಂಗ ನೋಡ್ಕೊ." ಆಯಿತು, ಸರ್ಕಾರದ ಕೆಲಸ ಮುಗಿಯಿತು! ಇಷ್ಟಕ್ಕೆ ಪೆಟ್ರೋಲು ಸುಟ್ಟುಕೊಂಡು ಬರಬೇಕಿತ್ತಾ ಎಂದು ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ.

ನನಗೆ ನಿಜವಾಗಿ ಉರಿಯುತ್ತಿದ್ದದ್ದು ಬೇರೆ. ಆ ಮನುಷ್ಯ ನಮ್ಮ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ. ಉಣ್ಣುವ ಹೊತ್ತಿಗೇ ಬಂದು, ಮುದ್ದೆ ಬೇಯುವ ವಾಸನೆಯಲ್ಲೇ ಕೂತು, "ಏಳಿ ಸಾ, ಕೈ ತೊಳ್ಕಳಿ" ಎಂದರೆ, "ಬ್ಯಾಡ ತಂಗಿ, ಈಗಷ್ಟ ಉಂಡು ಬಂದೀನಿ" ಎನ್ನುವುದು. ಉಂಡ ಮುಖವೇ ಅಲ್ಲ ಅದು. ಸರಿ, ಆಫೀಸರು, ಅಪರಾಧಿಯ ಮನೆಯಲ್ಲಿ ಉಣ್ಣಬಾರದೇನೋ ಎಂದುಕೊಳ್ಳೋಣವೆಂದರೆ, ನಮ್ಮ ಮನೆಯಿಂದೆದ್ದು ಸೀದಾ ಗೋಡೆಯಾಚೆ ಆ ದಾಯಾದಿಯ ಮನೆಗೆ ಹೋಗಿ ಚೊಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತಿದ್ದರು! ನಮ್ಮ ಕಡೆ ಯಾರು ಯಾರ ಮನೆಯಲ್ಲಿ ಬಾಯಿಗೇನು ಹಾಕಿಕೊಂಡರು ಎನ್ನುವುದರ ಮೇಲೆಯೇ ಅವರು ಯಾರ ಕಡೆಯವರು ಎಂದು ಲೆಕ್ಕ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕೈ ಮುರದದ್ದು ಅಂವಂದು ತಂಗಿ. ಅಂವನ್ನ ಮಾತಾಡಿಸದ ನಿಮ್ಮನಿಗಷ್ಟ ಬಂದು ಹೋದ್ರ ನನ್ನ ಕೆಲಸ ಅರ್ಧಾ ಆತು" ಎಂದರು. ಮಾತೇನೋ ಸರಿ. ಆದರೆ ನನ್ನ ಮುದ್ದೆ ಏನು ಪಾಪ ಮಾಡಿತ್ತು?

ಹೀಗೇ ಒಂದು ವರ್ಷ ಕಳೆಯಿತು. ಮಾವನ ಪ್ರೊಬೇಷನ್ ಸುದ್ದಿ ಕೆ.ಆರ್. ಪೇಟೆಯ ಸಂತೆಯವರೆಗೂ ಹೋಗಿ, ಅಲ್ಲಿಂದ ಸಿಂಧಘಟ್ಟಕ್ಕೆ ಹೋಗಿ, ಅಲ್ಲಿನವರೊಬ್ಬರು ಹೆಣ್ಣು ಕೊಡುವ ಮಾತೆತ್ತಿ ನಮ್ಮ ಮನೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ನಾನು ಮಾವನ ಕಾಲು ಹಿಡಿಯುವುದೊಂದು ಬಾಕಿ. "ಬ್ಯಾಡಿ ಮಾವ, ನಿಜ ಯೋಳ್ಬುಡಿ. ಒಂದ್ ಎಣ್ಣಿನ ಬಾಳು ಇದು." ಮಾವ ನನ್ನ ಮೇಲೇ ಸಿಟ್ಟಾದರು. ಯಜಮಾನರು ಎತ್ತಿಗೆ ಹುಲ್ಲು ಹಾಕಲು ಹೋದರು. ಮೈದುನ, "ನಾನೇ ಯೋಳ್ತೀನಿ ಬುಡು ಅತ್ಗೆ" ಎಂದವನು ಬಂದವರೆದುರು ಹೊಸ ಶರ್ಟು ಹಾಕಿಕೊಂಡು ಕೂತು ಬಾಯಿಯೇ ತೆಗೆಯಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

ನಾನು ಉಪ್ಪಿಟ್ಟು ಕೇಸರಿಬಾತು ಮಾಡಿ ತಟ್ಟೆಗೆ ಹಾಕುತ್ತಿದ್ದೆ. ಆಗ ಮೂಗಿಗೆ ಬಡಿಯಿತು ಆ ಹೊಗೆ. ಅಯ್ಯೋ ಶಿವನೇ, ಇವತ್ತೇ ಬರಬೇಕಾ!

ಹುಡುಗಿಯ ಅಪ್ಪ ಜಗಲಿಯಿಂದ ಎದ್ದು ಕೈ ಮುಗಿದರು. "ನಮ್ ಉಡುಗನ ಆಫೀಸರ್ರು ತಾವೇನಾ ಸಾ?" ಎಂದು ಕೇಳಿದರು. ಇವರು ಹೌದೆಂದರು. "ಕೆಲ್ಸದಲ್ಲಿ ಎಂಗವ್ನೆ ಸಾ?" ಎಂದು ಕೇಳಿದರು. "ಚಲೋ ಅದಾನ್ರಿ" ಎಂದರು. ಮಾವನ ಮುಖ ಊರಗಲವಾಯಿತು. "ಯಾವ್ ಇಲಾಖೆ ಸಾ? ಇವರ್ಯಾರೂ ಸರಿಯಾಗಿ ಯೋಳ್ನಿಲ್ಲ" ಎಂದರು ಹುಡುಗಿಯ ಅಪ್ಪ. ಆಗ ಆಫೀಸರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು.

ಇಲಾಖೆ ಯಾವುದೋ ಒಂದು ಹೇಳಿ ಎದ್ದು ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸುಳ್ಳು ಬೇಡವೆಂದು ಮಾವನ ಹತ್ತಿರ ಜಗಳವಾಡಿದವಳು ನಾನೇ, ಆ ಗಳಿಗೆಯಲ್ಲಿ ಮಾತ್ರ ಒಂದು ಸುಳ್ಳು ಹೇಳಲಿ ದೇವರೇ ಎಂದು ಬೇಡಿಕೊಂಡವಳೂ ನಾನೇ. ಅವರು ಹೇಳಲಿಲ್ಲ. ಹುಡುಗಿಯ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು. "ಇದು ನೌಕರಿ ಅಲ್ರೀ. ಹುಡುಗ ಇವರಣ್ಣತಮ್ಮರೊಳಗ ಒಬ್ಬಂವನ ಕೈ ಮುರದಾನ. ಜೇಲಿಗೆ ಹಾಕೂ ಬದ್ಲಿ ಕೋರ್ಟು ಎರಡು ವರ್ಷ ಟೈಮ್ ಕೊಟ್ಟೈತಿ. ಒಂದು ವರ್ಷಾತು, ಯಾರ ಮ್ಯಾಲೂ ಕೈ ಎತ್ತಿಲ್ಲ. ಇನ್ನೊಂದು ವರ್ಷ ಐತಿ. ಬೇಕಂದ್ರ ಕಾಯ್ರಿ. ಹುಡುಗ ಕೆಟ್ಟಾಂವಲ್ಲ." ಸಿಂಧಘಟ್ಟದವರು ಪಂಚೆ ಕೊಡವಿಕೊಂಡು ಎದ್ದರು. ಒಂದು ಚಮಚ ಕೇಸರಿಬಾತನ್ನೂ ಮುಟ್ಟಲಿಲ್ಲ. ಮಾವ ಕಂಬಕ್ಕೆ ಒರಗಿ ಕೂತುಬಿಟ್ಟರು.

ಆಗ ಗೋಡೆಯಾಚೆಯಿಂದ ದಾಯಾದಿಯ ದನಿ ಕೇಳಿಸಿತು. ಎಲ್ಲವನ್ನೂ ನಿಂತು ನೋಡಿದ್ದಾನೆ. ಬೀದಿಗೆಲ್ಲ ಕೇಳುವ ಹಾಗೆ, "ಲೇ, ಪರ್ಮನೆಂಟ್ ಆಗ್ಬೇಕಂದ್ರೆ ಯೋಳ್ಲಾ, ಇನ್ನೊಂದ್ ಕೈನೂ ಕೊಡ್ತೀನಿ!" ಎಂದು ನಕ್ಕ.

ಮೈದುನನ ಕಣ್ಣು ಕೆಂಡವಾದವು. ಮೂಲೆಯಲ್ಲಿದ್ದ ಗುದ್ದಲಿಗೆ ಕೈ ಹಾಕಿದ. ಅದೇ ಗುದ್ದಲಿ. ನಮ್ಮ ಯಜಮಾನರು ಅವತ್ತಾದರೂ ಬಾಯಿ ಬಿಟ್ಟು, "ಬ್ಯಾಡ ಕಣ್ಲಾ!" ಎಂದು ಕೂಗಿದರು. ಇನ್ನೊಂದು ಏಟು ಬಿದ್ದರೆ, ಬೀಳುವುದೂ ಬೇಡ, ಗೋಡೆ ದಾಟಿದರೆ ಸಾಕು, ಅಟ್ಟದ ಮೇಲಿದ್ದದ್ದು ಕೆಳಗಿಳಿಯುತ್ತದೆ. ನೋಡುವುದಕ್ಕೆ ಆಫೀಸರೇ ಎದುರಿಗೆ ಕೂತಿದ್ದಾರೆ. ಅವರು ಏಳಲಿಲ್ಲ, ಕೂಗಲಿಲ್ಲ, ಹಿಡಿಯಲಿಲ್ಲ. ನನ್ನ ಕಡೆ ತಿರುಗಿ, "ತಂಗಿ, ಹಸಿವ್ಯಾಗೈತಿ. ಎರಡು ತಾಟು ಹಚ್ಚು" ಎಂದರು.

ನನಗೆ ಅರ್ಥವಾಗಲಿಲ್ಲ. ದೀಪ ಹಚ್ಚುವುದು ಗೊತ್ತು, ಸೊಪ್ಪು ಹಚ್ಚುವುದು ಗೊತ್ತು, ತಟ್ಟೆ ಹಚ್ಚುವುದೆಂದರೆ ಏನು? ಮನೆಗೆ ಬೆಂಕಿ ಬಿದ್ದಿರುವಾಗ ಇವರದೊಂದು! "ಊಟಾ ತಂಗಿ, ಊಟಾ! ಅಂವಗೂ, ನನಗೂ" ಎಂದು ಅವರೇ ಬಿಡಿಸಿ ಹೇಳಿದರು. ಆಮೇಲೆ ಅವನಿಗೆ, "ನಾ ಒಬ್ಬಾಂವ ಉಣ್ಣಂಗಿಲ್ಲೋ ತಮ್ಮ. ಮೊದಲನೇ ಸಲ ನಿಮ್ಮನ್ಯಾಗ ಉಣ್ಣಾಕತ್ತೀನಿ. ಬಾ, ಕೂಡು" ಎಂದರು.

ಮನೆಗೆ ಬಂದವರು ಉಣ್ಣಲು ಕೂತು ಜೊತೆಗೆ ಕರೆದರೆ ನಮ್ಮಲ್ಲಿ ಬರುವುದಿಲ್ಲ ಎನ್ನಲಾಗದು. ಮೈದುನ ಗುದ್ದಲಿಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದು ಕೂತ. ಕೇಸರಿಬಾತಿನ ಮುಖ ನೋಡಲು ನನಗೆ ಮನಸ್ಸಿರಲಿಲ್ಲ. ಮನೆಯವರಿಗೆಂದು ಮಾಡಿದ್ದ ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು ತಂದು ಇಬ್ಬರ ಮುಂದೂ ಕುಕ್ಕಿದೆ.

ಆಫೀಸರು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೆ ಅಗಿದರು. ಮುದ್ದೆ ಹಲ್ಲಿಗೆ ಅಂಟಿತು, ಅಂಗುಳಕ್ಕೆ ಅಂಟಿತು, ನಾಲಿಗೆಗೆ ಸುತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು. ಆದರೂ ಬಿಡದೆ, ಜೋಳದ ರೊಟ್ಟಿ ಅಗಿದ ಹಾಗೆ ಅಗಿಯುತ್ತಲೇ ಇದ್ದಾರೆ! ಮಂಡ್ಯ ಜಿಲ್ಲೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣದಿದ್ದದ್ದಕ್ಕೆ ಕಾನೂನು ಕಾರಣವಲ್ಲ, ಕಟ್ಟಳೆ ಕಾರಣವಲ್ಲ, ನಾಚಿಕೆ! ಒಂದು ವರ್ಷ ನನ್ನನ್ನು ಉರಿಸಿದ್ದು ಇಷ್ಟಕ್ಕಾ?

"ಅಗೀಬ್ಯಾಡಿ ಸಾ, ನುಂಗಿ!" ಎಂದ ಮೈದುನ.

"ಅಗದಷ್ಟೂ ಬೆಳ್ಯಾಕತ್ತೈತಲ್ಲೋ ಇದು" ಎಂದರು ಅವರು, ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ.

ಮೈದುನನಿಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ಸಿಟ್ಟಿನ ನೀರು ಹಾಗೇ ಇತ್ತು, ಅದರ ಮೇಲೇ ನಕ್ಕ. ಮುದ್ದೆ ಹೇಗೆ ಮುರಿಯಬೇಕು, ಬೆರಳಲ್ಲಿ ಹೇಗೆ ಗುಳಿ ಮಾಡಬೇಕು, ಉಪ್ಸಾರಲ್ಲಿ ಅದ್ದಿ ಹಲ್ಲಿಗೆ ತಾಗದ ಹಾಗೆ ಗಂಟಲಿಗೆ ಹೇಗೆ ಬಿಡಬೇಕು ಎಂದು ತೋರಿಸಿಕೊಡುತ್ತಾ ಕೂತ. ಬಲಗೈ ಮೊಣಕೈವರೆಗೂ ಎಂಜಲಾಗಿತ್ತು. ಆ ಕೈಯಲ್ಲಿ ಯಾರು ಗುದ್ದಲಿ ಹಿಡಿಯುತ್ತಾರೆ? ದಾಯಾದಿ ಗೋಡೆ ಹತ್ತಿರ ನಿಂತು ನಿಂತು ಸಾಕಾಗಿ ಒಳಗೆ ಹೋದ. ಈಗ ಆಫೀಸರು ಏನಾದರೂ ದೊಡ್ಡ ಮಾತು, ಬುದ್ಧಿಮಾತು ಹೇಳುತ್ತಾರೆ ಎಂದು ನಾನು ಕಾದೆ. ಅವರು ಇನ್ನೊಂದು ಸೌಟು ಉಪ್ಸಾರು ಕೇಳಿದರು. ಉಂಡು ಕೈ ತೊಳೆದವರೇ ಎದ್ದು ಸೀದಾ ಪಕ್ಕದ ಮನೆಗೆ ಮಜ್ಜಿಗೆ ಕುಡಿಯಲು ಹೋದರು. ನನ್ನ ಹೊಟ್ಟೆ ಮತ್ತೆ ಉರಿಯಿತು.

ಎರಡನೆಯ ವರ್ಷವೂ ಹಾಗೇ ಮುಗಿಯಿತು. ಕೊನೆಯ ಸಲ ಬಂದು, ಇನ್ನು ನಾನು ಬರುವುದಿಲ್ಲ, ನಿನ್ನ ಮೇಲೆ ಕೋರ್ಟಿನ ಕಣ್ಣಿಲ್ಲ, ಎಲ್ಲ ತೀರಿತು ಎಂದು ಮೈದುನನ ಬೆನ್ನು ತಟ್ಟಿದರು. ಮಾವ ಎದ್ದು ಬಂದು ಅವರ ಕೈ ಹಿಡಿದು, "ಅಂಗಾದ್ರೆ ಪರ್ಮನೆಂಟಾ ಸಾ?" ಎಂದು ಕೇಳಿದರು. ಸಿಂಧಘಟ್ಟದವರೆದುರು ಒಂದು ಸುಳ್ಳು ಹೇಳದ ಮನುಷ್ಯ, ಮಾವನ ಮುಖ ನೋಡಿ, "ಹೌದ್ರೀ ಯಪ್ಪಾ, ಪರ್ಮನೆಂಟ್" ಎಂದರು. ಮಾವ ಸಾಯುವತನಕ ಆ ಮಾತನ್ನು ಹೇಳಿಕೊಂಡು ತಿರುಗಿದರು.

ಆಮೇಲೆ ಮೈದುನನಿಗೆ ನಾಗಮಂಗಲದ ಕಡೆಯ ಹೆಣ್ಣು ಸಿಕ್ಕಿತು. ಎಲ್ಲ ಹೇಳಿಯೇ ತಂದದ್ದು. ಕರಿಘಟ್ಟದಲ್ಲಿ ಮದುವೆ. ಆಫೀಸರಿಗೆ ಅಷ್ಟರಲ್ಲಿ ದೂರದ ಜಿಲ್ಲೆಗೆ ವರ್ಗವಾಗಿತ್ತು, ಆದರೂ ಬಂದೇ ಬರುತ್ತೇನೆ ಎಂದಿದ್ದರು. ಬಾಸಿಂಗ ಕಟ್ಟಿಕೊಂಡ ಗಂಡು ಬೆಟ್ಟದ ಮೆಟ್ಟಿಲ ಮೇಲೆ ನಿಂತು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದ. ಮುಹೂರ್ತ ಮೀರುತ್ತದೆ ಬಾರೋ ಎಂದು ಪುರೋಹಿತರು ಕೂಗಿ ಕೂಗಿ ಸಾಕಾದರು. ಮೊಪೆಡ್ಡಿನ ಸದ್ದು ಬರಲಿಲ್ಲ. ಕೊನೆಗೆ ನಾನೇ ಕೈ ಹಿಡಿದು ಎಳೆದುಕೊಂಡು ಹೋದೆ...

ಅವನಿಗೀಗ ಐವತ್ತು ದಾಟಿದೆ. ಬೇರೆ ಮನೆ ಕಟ್ಟಿಕೊಂಡಿದ್ದಾನೆ, ಆದರೂ ಉಪ್ಸಾರು ಮಾಡಿದ ದಿನ ಊಟಕ್ಕೆ ನಮ್ಮ ಮನೆಗೇ ಬರುತ್ತಾನೆ. ನಾನು ತವರಿನಿಂದ ಬಂದ ಮಾರನೇ ದಿನ ಬಂದ. ತಟ್ಟೆಗೆ ಮುದ್ದೆ ಹಾಕುತ್ತಾ ಆ ಹೊಗೆಯ ವಿಷಯ ಹೇಳಿ, "ಎಲ್ಲವ್ರೋ ಏನೋ ನಿನ್ ಆಫೀಸರು. ಮದುವೆಗೂ ಬರ್ನಿಲ್ಲ, ಆಮೇಲೂ ಬರ್ನಿಲ್ಲ. ಎಂಥಾ ಮನುಸ್ರಪ್ಪ!" ಎಂದು ಬೈದೆ.

ಅವನು ತಲೆ ಎತ್ತಲಿಲ್ಲ. "ಅವ್ರು ಓಗ್ಬುಟ್ರಂತೆ ಅತ್ಗೆ" ಎಂದ. "ಮಂಡ್ಯದಲ್ಲಿ ಅವ್ರ ಆಫೀಸ್ನೋರು ಒಬ್ರು ಸಿಕ್ಕಿದ್ರು, ಯೋಳಿದ್ರು. ಓದ್ ವರ್ಸವೇ."

"ಓದ್ ವರ್ಸವಾ? ನಂಗ್ಯಾಕೋ ಯೋಳ್ನಿಲ್ಲ?"

"ನೀನು ಅವರ್ನ ಬೈತಾನೇ ಇದ್ಯಲ್ಲ ಅತ್ಗೆ. ಅವ್ರು ಇದ್ದಂಗೇ ಇತ್ತು."

ಎಂದವನು ಮುದ್ದೆ ಮುರಿದು ಉಪ್ಸಾರಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ನುಂಗಲಿಲ್ಲ. ಅಗಿಯುತ್ತಾ ಕೂತ. ಹುಟ್ಟಿದಾಗಿನಿಂದ ಮುದ್ದೆ ಉಂಡ ಗಂಡಸು, ಕಣ್ಣಲ್ಲಿ ನೀರಿಟ್ಟುಕೊಂಡು ಅಗಿಯುತ್ತಲೇ ಇದ್ದ. "ನುಂಗೋ" ಎಂದು ಗದರಲು ಬಾಯಿ ತೆಗೆದವಳು, ಇನ್ನೊಂದು ಸೌಟು ಉಪ್ಸಾರು ಹಾಕಿದೆ.